ಕೆಂಪಮ್ಮ ದೀಪ ದೊಡ್ಡದು ಮಾಡಿದಳು

ಬಸವೇಶ್ವರನಗರದ ನೀರಿನ ಟ್ಯಾಂಕಿನ ಹಿಂದಿನ ರಸ್ತೆಯಲ್ಲಿ ಜಯದೇವಿಯ ಮನೆಯನ್ನು ಯಾರೂ ನಂಬರು ನೋಡಿ ಹುಡುಕುವುದಿಲ್ಲ. ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದು ಬರುವ ಮನೆ ಎಂದರೆ ಸಾಕು. ರಾಣೆಬೆನ್ನೂರಿನ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದವಳು, ಮೊದಮೊದಲು ಅಕ್ಕಪಕ್ಕದವರಿಗೆಂದು ಜೋಳದ ರೊಟ್ಟಿ ಮಾಡಿಕೊಟ್ಟಳು. ಆಮೇಲೆ ಅದೇ ಅವಳ ಕೆಲಸವಾಯಿತು. ಗಂಡ ನಾಗಭೂಷಣ್ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಫೋರ್‌ಮನ್. ಮಾತು ಕಡಿಮೆ. ಇಬ್ಬರಿಗೂ ರಕ್ಷಾ ಒಬ್ಬಳೇ ಮಗಳು.

ಜಯದೇವಿಯ ರೊಟ್ಟಿಯಷ್ಟೇ ಅವಳ ಮಾತೂ ಬೀದಿಯಲ್ಲಿ ಹೆಸರುವಾಸಿ. ಅವಳ ಬಾಯಿಂದ ಕೆಟ್ಟ ಮಾತು ಹೊರಡದು. ಕೆಟ್ಟ ಮಾತೆಂದರೆ ಬೈಗುಳವಲ್ಲ. ಇಲ್ಲ, ಖಾಲಿ, ಮುಗಿಯಿತು, ಒಡೆಯಿತು, ಆರಿತು ಎಂಬಂಥವು. ಬಳೆ ಒಡೆದರೆ ‘ಬಳೆ ಹೆಚ್ಚಿತು’ ಎನ್ನುವಳು. ಹೊರಗೆ ಹೊರಟಾಗ ‘ಹೋಗ್ತೀನಿ’ ಎನ್ನಳು, ‘ಬರ್ತೀನಿ’ ಎನ್ನುವಳು. ಸುಂಕದಕಟ್ಟೆಯ ಗಿರಣಿಯ ಹನುಮಂತಯ್ಯನಿಗೆ ಮೊದಲ ಸಲ ಫೋನ್ ಮಾಡಿ, “ಮನೇಲಿ ಜೋಳ ಹೆಚ್ಚಿದೆ ಹನುಮಂತಯ್ಯನವರೇ” ಎಂದಾಗ ಅವನು, “ಹೆಚ್ಚಿದ್ರೆ ವಾಪಸ್ ಕಳ್ಸಮ್ಮ, ಅದಕ್ಕೇನಂತೆ” ಎಂದುಬಿಟ್ಟಿದ್ದ. ಅಂದು ರೊಟ್ಟಿಗೆ ಹಿಟ್ಟೇ ಇಲ್ಲದೆ ಒಲೆ ತಣ್ಣಗಿತ್ತು. ಆಮೇಲಿಂದ ಅವನೇ ಕೇಳುತ್ತಾನೆ, “ಏನಮ್ಮಾ, ನಿಜವಾಗ್ಲೂ ಹೆಚ್ಚಿದ್ಯೋ, ನಿಮ್ಮ ಲೆಕ್ಕದಲ್ಲಿ ಹೆಚ್ಚಿದ್ಯೋ?”

ಜನ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಆದರೆ ಅದು ಅವಳಿಗೆ ನಗೆಯ ವಿಷಯವಾಗಿರಲಿಲ್ಲ. ಆಡಿದ ಮಾತು ಗಾಳಿಯಲ್ಲಿ ಕರಗುವುದಿಲ್ಲ, ಎಲ್ಲೋ ಮೂಲೆಯಲ್ಲಿ ಕೂತು ತನ್ನ ಹೊತ್ತಿಗಾಗಿ ಕಾಯುತ್ತದೆ ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು. ಅವಳು ಅದನ್ನು ಎಷ್ಟು ನಂಬಿದ್ದಳೋ ಅವಳಿಗೇ ತಿಳಿಯದು. ನಂಬದೆ ಇರಲು ಮಾತ್ರ ಧೈರ್ಯವಿರಲಿಲ್ಲ.

ಇಂಥವಳ ಮಗಳು ವಿಮಾನ ಹಾರಿಸುತ್ತೇನೆಂದು ಹಟ ಹಿಡಿದಳು. ಜಯದೇವಿ ಅತ್ತದ್ದೂ ಆಯಿತು, ಮಾತು ಬಿಟ್ಟದ್ದೂ ಆಯಿತು. ಕೊನೆಗೆ ನಾಗಭೂಷಣ್, “ಓದ್ಲಿ ಬಿಡೇ” ಎಂದು ಎರಡೇ ಮಾತಿನಲ್ಲಿ ತೀರ್ಮಾನ ಮಾಡಿದ. ರಕ್ಷಾ ಊರಿನ ಇನ್ನೊಂದು ತುದಿಯ ತರಬೇತಿ ಶಾಲೆಗೆ ಸೇರಿದಳು. ಅಂದಿನಿಂದ ಜಯದೇವಿಗೆ ಆಕಾಶದ ಕಡೆ ಕಿವಿ. ಮಗಳು ಹಾರುವ ಬೆಳಿಗ್ಗೆ ಮಿಕ್ಸಿ ಹಾಕುತ್ತಿರಲಿಲ್ಲ, ಫೋನಿನ ಸದ್ದು ತಪ್ಪಿಹೋದೀತೆಂದು. ಚಟ್ನಿಪುಡಿಯನ್ನು ಒರಳಿನಲ್ಲೇ ಕುಟ್ಟುತ್ತಿದ್ದಳು, ಒಂದೊಂದು ಏಟಿಗೂ ನಿಲ್ಲಿಸಿ ಕೇಳುತ್ತ.

ರಕ್ಷಾಳಿಗೆ ಇದ್ದ ಭಯ ಬೇರೆ. ಹಾರುವುದಕ್ಕೆ ಅವಳು ಹೆದರುತ್ತಿರಲಿಲ್ಲ, ಮರೆಯುವುದಕ್ಕೆ ಹೆದರುತ್ತಿದ್ದಳು. ಅವಳಿಗೆ ಕಲಿಸುವ ಗೌತಮ್ ಎಂಬವನು ಪ್ರತಿಯೊಂದು ಕೆಲಸಕ್ಕೂ ಇಂಗ್ಲಿಷ್ ಮೊದಲಕ್ಷರಗಳನ್ನು ಪೋಣಿಸಿದ ಒಂದು ಸರ ಕೊಟ್ಟಿದ್ದ. ಏರುವ ಮುಂಚೆ ನೋಡಬೇಕಾದ್ದಕ್ಕೆ ಒಂದು ಸರ, ಇಳಿಯುವ ಮುಂಚಿನದಕ್ಕೆ ಒಂದು, ಅಪಾಯಕ್ಕೊಂದು. ಹೆದರಿದಾಗ ಬುದ್ಧಿ ಓಡುವುದಿಲ್ಲ, ಬಾಯಿಪಾಠ ಓಡುತ್ತದೆ ಎನ್ನುವುದು ಅವನ ಪಾಠ. ಮನೆಯಲ್ಲಿ ಅವಳು ಸರಾಗವಾಗಿ ಒಪ್ಪಿಸುತ್ತಿದ್ದಳು. ವಿಮಾನದಲ್ಲಿ ಅವನು ಇದ್ದಕ್ಕಿದ್ದಂತೆ ಕೇಳಿದಾಗ ಅಕ್ಷರಗಳೆಲ್ಲ ಎದ್ದು ಓಡಿಹೋಗುತ್ತಿದ್ದವು.

ಒಂದು ಮಧ್ಯಾಹ್ನ ಬಂದವಳೇ ಅಡುಗೆಮನೆಯ ಕಟ್ಟೆ ಹತ್ತಿ ಕೂತಳು.

“ಅಮ್ಮಾ, ನನ್ ಕೈಲಾಗಲ್ಲ ಅನ್ಸುತ್ತೆ.”

“ಆಗಲ್ಲ ಅನ್ಬೇಡ. ತಡ ಆಗ್ತಿದೆ ಅನ್ನು.”

“ಅದೇ, ತಡ ಆಗಿ ಆಗಿ ಕೊನೆಗೆ ಆಗಲ್ಲ.”

ಜಯದೇವಿ ಕೈಯಲ್ಲಿದ್ದ ಹಿಟ್ಟಿನ ಉಂಡೆಯನ್ನು ಕೆಳಗಿಟ್ಟಳು. “ಹೈಸ್ಕೂಲಲ್ಲಿ ಗಣ ಹೆಂಗೆ ಕಲಿತಿದ್ದೆ? ಅದು ಮರೆತಿದ್ಯಾ?”

“ಯಮಾತಾರಾಜಭಾನಸಲಗಂ. ಅದನ್ನ ಸತ್ರೂ ಮರೆಯಲ್ಲ.”

“ಬಿಡ್ತು ಅನ್ನು!”

“ಬಿಡ್ತು, ಬಿಡ್ತು.”

“ಹಂಗೇ ಇದನ್ನೂ ನಮ್ಮ ಬಾಯಿಗೆ ಹೊಂದೋ ಹಂಗೆ ಮಾಡ್ಕೊಂಡ್ರಾಯ್ತು. ಇಳಿಯೋ ಮುಂಚೆ ಏನೇನು ನೋಡ್ಬೇಕು, ಹೇಳು.”

ರಕ್ಷಾ ಹೇಳಿದಳು. ಪೆಟ್ರೋಲ್ ಇದೆಯೇ ನೋಡಬೇಕು. ಕೆಂಪು ಗುಂಡಿಯನ್ನು ಪೂರ್ತಿ ಒಳಕ್ಕೆ ತಳ್ಳಬೇಕು. ಅದು ಒಳಗಿದ್ದರೆ ಇಂಜಿನ್ನಿಗೆ ಪೆಟ್ರೋಲ್ ಚೆನ್ನಾಗಿ ಹೋಗುತ್ತದೆ. ಇಂಜಿನ್ನಿಗೆ ಬಿಸಿಗಾಳಿ ಬಿಡಬೇಕು. ಬೆಲ್ಟು ನೋಡಿಕೊಳ್ಳಬೇಕು. ಜಯದೇವಿ ಒಂದು ರೊಟ್ಟಿ ಬಡಿದು ಹಂಚಿಗೆ ಹಾಕುವಷ್ಟರಲ್ಲಿ ಒಬ್ಬ ಹೆಂಗಸನ್ನು ಮದುವೆ ಮನೆಗೆ ಹೊರಡಿಸಿದ್ದಳು. “ತಲೆಗೆ ಎಣ್ಣೆ, ಹಣೆತುಂಬ ಕುಂಕುಮ, ಮೈಗೆ ಬೆಚ್ಚನೆ ಶಾಲು, ಸೊಂಟಕ್ಕೆ ಡಾಬು.” ರಕ್ಷಾ ಕಟ್ಟೆಯಿಂದ ಕೆಳಗೆ ಹಾರಿ ತಾಯಿಯನ್ನು ಅಪ್ಪಿಕೊಂಡಳು. ಹಿಟ್ಟು ಇಬ್ಬರ ಮೈಗೂ ಆಯಿತು.

ಅದು ಕೆಲಸ ಮಾಡಿತು. ಗೌತಮ್ ಕೇಳಿದ್ದೇ ತಡ, ಎಣ್ಣೆ, ಕುಂಕುಮ, ಶಾಲು, ಡಾಬು ಒಂದರ ಹಿಂದೊಂದು ಬಂದು ನಿಂತವು. ಮಗಳು ಮನೆಗೆ ಬಂದು ಹೇಳಿದಾಗ ಜಯದೇವಿಗೆ ಎಂದೂ ಇಲ್ಲದ ಸಮಾಧಾನ. ತಾನು ಮೇಲಕ್ಕೆ ಹೋಗಲಾರೆ. ತನ್ನ ಮಾತಾದರೂ ಅವಳ ಪಕ್ಕದಲ್ಲಿ ಕೂತು ಹೋಗುತ್ತದೆ ಎಂದುಕೊಂಡಳು.

ಮುಂದಿನ ಪಾಠ ಬೆಂಕಿಯದು. ಹಾರುತ್ತಿರುವಾಗ ಇಂಜಿನ್ನಿಗೆ ಬೆಂಕಿ ಬಿದ್ದರೆ ಏನು ಮಾಡಬೇಕು. ರಕ್ಷಾ ‘ಬೆಂಕಿ’ ಎಂದು ಬಾಯಿ ತೆರೆದದ್ದೇ ಜಯದೇವಿ ಕಿವಿ ಮುಚ್ಚಿಕೊಂಡಳು.

“ಆ ಮಾತು ಬೇಡ. ‘ಅದು’ ಅನ್ನು ಸಾಕು.”

“ಸರಿ ತಾಯಿ, ‘ಅದು’. ‘ಅದು’ ಬಂದ್ರೆ ಏನ್ ಮಾಡ್ಬೇಕು ಅನ್ನೋದು ಈ ಹಾಳೇಲಿದೆ. ಅಪ್ಪನ್ನ ಕೇಳಿ ಮಾಡಿಡು, ನಾನು ಸ್ನಾನ ಮಾಡ್ಬರ್ತೀನಿ.”

ನಾಗಭೂಷಣ್ ಅದನ್ನು ಕನ್ನಡದಲ್ಲಿ ತಿಳಿಸಿ ಹೇಳಿದ. ಕೆಂಪು ಗುಂಡಿ ಹೊರಕ್ಕೆಳೆದು ಇಂಜಿನ್ ನಿಲ್ಲಿಸಬೇಕು, ಪೆಟ್ರೋಲಿನ ನಲ್ಲಿ ಮುಚ್ಚಬೇಕು, ಮೇನ್ ಸ್ವಿಚ್ಚು ತೆಗೆಯಬೇಕು, ಗಾಳಿಕಿಂಡಿ ಮುಚ್ಚಬೇಕು, ಬಯಲು ನೋಡಿ ಇಳಿಸಬೇಕು. ಇದನ್ನು ಮಗಳು ಒಬ್ಬಳೇ ಮೇಲೆ ಕೂತು ಮಾಡಬೇಕೇ? ಆ ಭಯಾನಕ ಪಟ್ಟಿಯ ಒಂದೊಂದು ಮಾತನ್ನೂ ಜಯದೇವಿ ತೊಳೆದು ಮಂಗಳಕರ ಮಾಡಿದಳು. ರಕ್ಷಾ ತಲೆ ಒರೆಸಿಕೊಳ್ಳುತ್ತ ಬರುವ ಹೊತ್ತಿಗೆ ಹೊಸ ಸಾಲು ಸಿದ್ಧವಾಗಿತ್ತು.

“ಕೆಂಪಮ್ಮ ದೀಪ ದೊಡ್ಡದು ಮಾಡಿ, ನಲ್ಲಿ ಮುಚ್ಚಿ, ಮೇನ್ ತೆಗೆದು, ಕಿಟಕಿ ಹಾಕ್ಕೊಂಡು ಹೊಲಕ್ಕೆ ಹೋದ್ಲು.”

ರಕ್ಷಾ ನಕ್ಕಳು. “ಹೊಲಕ್ಕೆ ಹೋದ್ಲು! ಸೂಪರ್ ಅಮ್ಮಾ.” ಮತ್ತೊಮ್ಮೆ ಹೇಳಿಕೊಂಡಳು. “ದೀಪ ದೊಡ್ಡದಾ?”

“ಹೂಂ ಮತ್ತೆ. ದೀಪ ದೊಡ್ಡದು ಮಾಡೋದು ಗೊತ್ತಿಲ್ವಾ ನಿಂಗೆ?”

“ಗೊತ್ತು, ಗೊತ್ತು” ಎನ್ನುತ್ತ ರಕ್ಷಾ ಫೋನು ಎತ್ತಿಕೊಂಡು ಕೋಣೆಗೆ ಹೋದಳು. ಯಾವುದಾದ ಮೇಲೆ ಯಾವುದು ಎಂಬುದು ಸರಿಯಿತ್ತು. ಅಷ್ಟು ಸಾಕೆಂದು ಇಬ್ಬರೂ ಅಂದುಕೊಂಡರು.

ಕಾರ್ತಿಕದ ಒಂದು ಬೆಳಿಗ್ಗೆ ರಕ್ಷಾ ಒಬ್ಬಳೇ ಹಾರುವ ದಿನ ಬಂತು. ಪಕ್ಕದಲ್ಲಿ ಗೌತಮ್ ಇರುವುದಿಲ್ಲ. ಏರಿ, ಮೈದಾನವನ್ನು ಒಂದು ಸುತ್ತು ಹಾಕಿ, ತಾನೇ ಇಳಿಸಬೇಕು. ಮುಂಜಾನೆಯೇ ಹಣೆಗೆ ವಿಭೂತಿ ಹಚ್ಚಿಕೊಂಡು, ತಾಯಿಯ ಕಾಲಿಗೆರಗಿ, “ಬರ್ತೀನಮ್ಮಾ” ಎಂದು ಹೊಸಹಳ್ಳಿಯ ಮೆಟ್ರೊ ಹಿಡಿಯಲು ಹೊರಟಳು. ಜಯದೇವಿ ದೇವರ ಗೂಡಿನಲ್ಲಿ ದೀಪ ಹಚ್ಚಿ, ಕೈ ಸುಮ್ಮನಿದ್ದರೆ ಮನಸ್ಸು ಕೆಡುತ್ತದೆಂದು ಹಿಟ್ಟು ನಾದಲು ಕೂತಳು.

ಅವಳ ಹೆದರಿಕೆ ಬಲ್ಲ ಉಮಾಶ್ರೀ ಮಹಡಿಯಿಂದ ಇಳಿದು ಬಂದಿದ್ದಳು. ಶ್ರೀಗಂಧದ ಕಾವಲು ಬಡಾವಣೆಯ ಹುಡುಗಿ, ಗಂಡನೊಂದಿಗೆ ಬಾಡಿಗೆಗೆ ಬಂದು ವರ್ಷವಾಗಿರಲಿಲ್ಲ. ದೇವರ ಗೂಡಿನ ಪಕ್ಕದಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತ, “ಟೆನ್ಶನ್ ಮಾಡ್ಕೋಬೇಡಿ ಆಂಟಿ. ನಮ್ಮ ಯಜಮಾನ್ರು ನಾಗರಬಾವಿ ರಿಂಗ್ ರೋಡಲ್ಲಿ ಸ್ಕೂಟರ್ ಓಡ್ಸೋದಕ್ಕಿಂತ ವಿಮಾನ ವಾಸಿ” ಎಂದು ನಗಿಸಲು ನೋಡಿದಳು.

ಜಯದೇವಿ ತಲೆಯೆತ್ತಿದಳು. ಬಸವಣ್ಣನ ಪಟಕ್ಕೆ ಹಾಕಿದ್ದ ಹೂವಿನ ಹಾರ ಗಾಳಿಗೆ ಜಾರಿ ದೀಪದ ನೇರಕ್ಕೆ ಇಳಿಬಿದ್ದಿತ್ತು. ಹಾರದ ನೂಲು ಜ್ವಾಲೆಗೆ ಇನ್ನೇನು ತಾಗಬೇಕು. ಅವಳ ಎರಡು ಕೈಯೂ ಬಿಸಿ ಹಿಟ್ಟಿನಲ್ಲಿ.

“ಉಮಾ, ದೀಪ! ದೀಪ ದೊಡ್ಡದು ಮಾಡೇ, ಬೇಗ!”

ಉಮಾಶ್ರೀ ತಿರುಗಿದಳು. ಹಾರ ಅವಳ ಕಣ್ಣಿಗೆ ಬೀಳಲಿಲ್ಲ, ದೀಪ ಮಂಕಾಗಿ ಉರಿಯುವುದಷ್ಟೇ ಕಂಡಿತು. ಅವಸರದಲ್ಲಿ ಬತ್ತಿಯನ್ನು ಮುಂದಕ್ಕೆ ನೂಕಿ, ಪಕ್ಕದ ಗಿಂಡಿಯಿಂದ ಎಣ್ಣೆ ಸುರಿದಳು. ಜ್ವಾಲೆ ಗೇಣುದ್ದ ಎದ್ದಿತು. ನೂಲು ಹತ್ತಿ, ಹಾರ ಹತ್ತಿ, ಪಟದ ಹಿಂದಿನ ಕ್ಯಾಲೆಂಡರು ಭುಗಿಲ್ಲೆಂದಿತು. ಜಯದೇವಿ ಓಡಿಬಂದು ಹಿಟ್ಟಿನ ಮೇಲೆ ಹೊದಿಸಲು ಇಟ್ಟಿದ್ದ ಒದ್ದೆ ಬಟ್ಟೆಯನ್ನು ಬೀಸಿ ಎಸೆದಳು. ಹೊಗೆ ತುಂಬಿತು. ಒಂದು ಅಂಗೈಯಗಲ ಗೋಡೆ ಕಪ್ಪಾಯಿತು, ಅಷ್ಟೇ.

“ಏನ್ ಮಾಡ್ದೆಯೇ!”

“ನೀವೇ ಅಂದ್ರಲ್ಲಾ ಆಂಟಿ!” ಉಮಾಶ್ರೀಗೆ ಅಳುವೇ ಬಂದಿತ್ತು. “ದೊಡ್ಡದು ಮಾಡು ಅಂದ್ರಿ, ಮಾಡಿದೆ!”

“ದೊಡ್ಡದು ಮಾಡು ಅಂದ್ರೆ...” ಜಯದೇವಿಯ ಮಾತು ಅಲ್ಲೇ ನಿಂತಿತು.

ದೊಡ್ಡದು ಮಾಡು ಎಂದರೆ ಆರಿಸು ಎಂದು ಈ ಹುಡುಗಿಗೆ ಗೊತ್ತಿಲ್ಲ. ಹಾಗಾದರೆ ರಕ್ಷಾಳಿಗೆ? ಮನೆಯಲ್ಲಿ ದೀಪವನ್ನು ಯಾರೂ ಆರಿಸುವುದಿಲ್ಲ, ಎಣ್ಣೆ ಇರುವಷ್ಟು ಹೊತ್ತು ಉರಿದು ತಾನೇ ನಿಲ್ಲುತ್ತದೆ. ಮಗಳು ಆ ಮಾತನ್ನು ಯಾವಾಗ ಕೇಳಿದ್ದಾಳೆ? ‘ಗೊತ್ತು, ಗೊತ್ತು’ ಎಂದಳು. ಏನು ಗೊತ್ತಿತ್ತು ಅವಳಿಗೆ? ಕೆಂಪಮ್ಮ ದೀಪ ದೊಡ್ಡದು ಮಾಡಿದಳು. ಹಣೆತುಂಬ ಕುಂಕುಮ ಎಂದರೆ ಕೆಂಪು ಗುಂಡಿ ಒಳಕ್ಕೆ; ದೀಪ ದೊಡ್ಡದು ಎಂದರೂ ಒಳಕ್ಕೇ ಎಂದುಕೊಂಡಿದ್ದರೆ? ಉರಿಯುತ್ತಿರುವ ಇಂಜಿನ್ನಿಗೆ ಪೆಟ್ರೋಲ್ ಸುರಿಯಲು ತಾನೇ ಹೇಳಿಕೊಟ್ಟ ಹಾಗಾಯಿತು. ಉಮಾಶ್ರೀ ಈಗ ಸುರಿದ ಹಾಗೆ.

ಅವಳು ಹಿಟ್ಟಿನ ಕೈಯಲ್ಲೇ ಫೋನು ತೆಗೆದುಕೊಂಡಳು. ರಕ್ಷಾಳ ಫೋನು ಸ್ವಿಚ್ ಆಫ್; ಹಾರುವವರು ಫೋನನ್ನು ಶಾಲೆಯಲ್ಲೇ ಬಿಟ್ಟು ಹೋಗಬೇಕು. ಗೌತಮನ ನಂಬರಿಗೆ ಮಾಡಿದಳು. ಮೊದಲ ಸಲ ಎತ್ತಲಿಲ್ಲ. ಎರಡನೆಯ ಸಲ ಎತ್ತಿದ. ಹಿಂದೆ ಜೋರಾಗಿ ಗಾಳಿಯ ಸದ್ದು.

“ಹೇಳಿ ಆಂಟಿ. ನಮಸ್ಕಾರ.”

“ರಕ್ಷಾ ಎಲ್ಲಿ ಸಾರ್?”

“ಮೇಲೆ! ಈಗಷ್ಟೇ ಹೋದ್ಲು. ಟೇಕಾಫ್ ಎಷ್ಟ್ ನೀಟಾಗಿತ್ತು ಗೊತ್ತಾ? ನೀವು ನೋಡ್ಬೇಕಿತ್ತು.”

ಜಯದೇವಿ ನೆಲದ ಮೇಲೆ ಕುಸಿದು ಕೂತಳು. “ಸಾರ್, ನಾನು ಅವಳಿಗೆ ತಪ್ಪು ಹೇಳಿಕೊಟ್ಟಿದೀನಿ. ‘ಅದು’ ಬಂದ್ರೆ ಏನು ಮಾಡ್ಬೇಕು ಅಂತ...”

“ಯಾವ್ದು ಬಂದ್ರೆ?”

“ಅದೇ ಸಾರ್. ಅದು.”

“ಆಂಟಿ, ಯಾವ್ದು ಅಂತ ಹೇಳಿ. ನಂಗೆ ಅವಳ ಮೇಲೆ ಕಣ್ಣಿರ್ಬೇಕು.”

ಮಗಳು ಒಬ್ಬಳೇ ಆಕಾಶದಲ್ಲಿದ್ದಾಳೆ. ಈ ಗಳಿಗೆಯಲ್ಲಿ ಆ ಮಾತನ್ನು ತನ್ನ ಬಾಯಿಂದಲೇ ಹೊರಡಿಸಬೇಕೆ? ಹೆತ್ತವಳೇ ಆಡಿದ ಮಾತು ಎಲ್ಲಿಗೆ ಹೋಗಿ ಮುಟ್ಟೀತು? ಕಪ್ಪಾದ ಗೋಡೆ ಎದುರಿಗಿತ್ತು. ಹೊಗೆಯ ವಾಸನೆ ಇನ್ನೂ ಮೂಗಿನಲ್ಲಿತ್ತು.

“ಬೆಂಕಿ” ಎಂದಳು ಜಯದೇವಿ. ದನಿ ತನ್ನದಲ್ಲವೆನಿಸಿತು. “ಇಂಜಿನ್ನಿಗೆ ಬೆಂಕಿ ಬಿದ್ರೆ. ಕೆಂಪು ಗುಂಡಿ ಎಳೆದು ಆರಿಸ್ಬೇಕು ಅನ್ನೋದನ್ನ, ದೀಪ ದೊಡ್ಡದು ಮಾಡು ಅಂತ ಕಲಿಸಿದೀನಿ ಸಾರ್. ಅವಳು ಒಳಕ್ಕೆ ತಳ್ತಾಳೆ.”

ಗೌತಮ್ ನಿಧಾನವಾಗಿ ಕೇಳಿದ. “ಅವಳು ಅದನ್ನೇ ಬಾಯಿಪಾಠ ಮಾಡಿದಾಳಾ?”

“ಹೂಂ ಸಾರ್. ರೇಡಿಯೋದಲ್ಲಿ ಹೇಳಿ. ಕೈಮುಗೀತೀನಿ, ಹೇಳಿ.”

“ಬೇಡ ಆಂಟಿ. ಮೊದಲ ಸಲ ಒಬ್ಬಳೇ ಇದಾಳೆ. ಈಗ ಬೆಂಕಿ ಅಂತ ಕಿವಿಗೆ ಹಾಕಿದ್ರೆ, ಎಲ್ಲಿ ಅಂತ ಹುಡುಕೋಕೆ ಶುರು ಮಾಡ್ತಾಳೆ. ಸುಮ್ನೆ ಇಳೀಲಿ. ನೀವು ಲೈನಲ್ಲೇ ಇರಿ.”

ಫೋನು ಕಿವಿಗೊತ್ತಿಕೊಂಡು ಜಯದೇವಿ ಕೂತಳು. ಉಮಾಶ್ರೀ ಅವಳ ಭುಜ ಹಿಡಿದುಕೊಂಡಳು. ಫೋನಿನಲ್ಲಿ ಯಾರೋ ಹಿಂದಿಯಲ್ಲಿ ಏನೋ ಕೇಳಿದರು, ಗೌತಮ್ ಉತ್ತರ ಕೊಡಲಿಲ್ಲ. ದೂರದಲ್ಲೊಂದು ನಾಯಿ ಬೊಗಳಿತು. ಅವನ ಮೌನ ಅವಳನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ಇಷ್ಟು ಹೊತ್ತೂ ಮಾತಾಡುತ್ತಿದ್ದ ಮನುಷ್ಯ ಈಗೇಕೆ ಸುಮ್ಮನಾದ? ಬಸವಣ್ಣನ ಮಸಿಹಿಡಿದ ಪಟದ ಕಡೆ ನೋಡಿ ಬೇಡಿಕೊಳ್ಳಲೂ ಅವಳಿಗೆ ಮಾತು ಹೊಳೆಯಲಿಲ್ಲ. ಯಾವ ಮಾತು ಎತ್ತ ತಿರುಗುವುದೋ ಎನಿಸಿತು.

“ತಿರುಗಿದ್ಲು” ಎಂದ ಗೌತಮ್. ಎಷ್ಟೋ ಹೊತ್ತಿನ ಮೇಲೆ, “ಬರ್ತಿದಾಳೆ” ಎಂದ. ಒಂದು ಸಣ್ಣ ಇಂಜಿನ್ನಿನ ಸದ್ದು ಫೋನಿನಲ್ಲಿ ಹತ್ತಿರವಾಯಿತು. ಒಮ್ಮೆ ತಗ್ಗಿ ನಿಂತೇಹೋದಂತೆ ಕೇಳಿಸಿದಾಗ ಜಯದೇವಿ ಉಮಾಶ್ರೀಯ ಕೈಯನ್ನು ಉಗುರು ಊರುವಂತೆ ಹಿಡಿದಳು.

“ಇಳಿದ್ಲು ಆಂಟಿ. ಇಳಿದ್ಲು.”

ಜಯದೇವಿ ಅಳಲಿಲ್ಲ. ಎದ್ದು ಹೋಗಿ ಬಚ್ಚಲಲ್ಲಿ ವಾಂತಿ ಮಾಡಿದಳು.

ಸಂಜೆ ರಕ್ಷಾ ಬಂದಾಗ ನೀರಿನಲ್ಲಿ ನೆನೆದ ಬಟ್ಟೆ ಮೈಮೇಲೇ ಒಣಗಿ ಸುಕ್ಕುಗಟ್ಟಿತ್ತು. ಮೊದಲ ಸಲ ಒಬ್ಬರೇ ಹಾರಿ ಇಳಿದವರ ಮೇಲೆ ಗೆಳೆಯರು ಬಕೆಟ್ಟುಗಟ್ಟಲೆ ನೀರು ಸುರಿಯುವುದು ಅಲ್ಲಿನ ವಾಡಿಕೆ. ಆದರೆ ಅವಳ ಮುಖದಲ್ಲಿ ಹಿಗ್ಗಿರಲಿಲ್ಲ. ಬಾಗಿಲಲ್ಲೇ ನಿಂತು ತಾಯಿಯನ್ನು ನೋಡಿದಳು.

“ನೀರು ಹಾಕಿದ ಮೇಲೆ ಸಾರ್ ನನ್ನ ಮತ್ತೆ ಪ್ಲೇನಲ್ಲಿ ಕೂರಿಸಿದ್ರು. ಇಂಜಿನ್ ಆಫ್ ಆಗಿತ್ತು. ಪಕ್ಕದಲ್ಲಿ ಕೂತು ಬೇರೆ ಏನೋ ಮಾತಾಡ್ತಾ ಮಾತಾಡ್ತಾ, ಡ್ಯಾಶ್‌ಬೋರ್ಡ್ ಗುದ್ದಿ ‘ಬೆಂಕಿ!’ ಅಂತ ಕಿರುಚಿದ್ರು.”

“ಏನು ಮಾಡಿದೆ?”

“ಕೆಂಪಮ್ಮ ಅಂದ್ಕೊಂಡೆ. ಕೈ ತಾನಾಗಿ ಹೋಯ್ತಮ್ಮಾ. ಒಳಕ್ಕೆ ತಳ್ಳಿದೆ.” ರಕ್ಷಾ ಆ ಅಂಗೈಯನ್ನು ತಾಯಿಗೆ ತೋರಿಸಿದಳು. “ಪರೀಕ್ಷೇಲಿ ಇಂಗ್ಲಿಷಲ್ಲಿ ಸರಿಯಾಗೇ ಬರೆದಿದ್ದೆ. ಬಾಯಲ್ಲೂ ಸರಿಯಾಗೇ ಹೇಳಿದ್ದೆ. ಕೈ ಮಾತ್ರ ನಿನ್ನ ಮಾತು ಕೇಳ್ತು.”

ಜಯದೇವಿ ಮಗಳ ಕೈ ಹಿಡಿಯಲು ಹೋದಳು; ರಕ್ಷಾ ಹಿಂದೆ ಸರಿದಳು.

“ಸಾರ್ ತಮ್ದೇ ತಪ್ಪು ಅಂದ್ರು, ಮುಂಚೆನೇ ಕೈಯಲ್ಲಿ ಮಾಡ್ಸಿ ನೋಡ್ಬೇಕಿತ್ತಂತೆ. ಎಲ್ಲಾ ಹೊಸದಾಗಿ ಕಲಿಯೋವರ್ಗೂ ಒಬ್ಳೇ ಹಾರೋ ಹಾಗಿಲ್ಲ. ನಾನು ಬೆಳಿಗ್ಗೆ ಆ ಮಾತು ತಲೇಲಿಟ್ಕೊಂಡೇ ಮೇಲೆ ಸುತ್ತುಹಾಕಿದೆ. ನಿಂಗೆ ಆರಿಸು ಅನ್ನೋಕೆ ಏನ್ ಕಷ್ಟ ಇತ್ತು? ಒಂದು ಮಾತು! ನನ್ನ ಜೀವಕ್ಕಿಂತ ನಿಂಗೆ ಅದೇ ಹೆಚ್ಚಾಯ್ತಾ?”

“ರಕ್ಷಾ” ಎಂದ ನಾಗಭೂಷಣ್, ಒಳಗಿನಿಂದ.

“ಅನ್ನಲಿ ಬಿಡ್ರಿ” ಎಂದಳು ಜಯದೇವಿ.

ಮಾರನೆಯ ದಿನ ರೊಟ್ಟಿ ಬಡಿಯುವ ಸದ್ದು ಬರಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ನಾಗಭೂಷಣ್ ಹಳೆಯ ರಟ್ಟಿನ ಮೇಲೆ ವಿಮಾನದ ಗುಂಡಿಗಳನ್ನು ಬರೆದು ಅಂಟಿಸಿದ. ಕೆಂಪು ಗುಂಡಿಯ ಜಾಗದಲ್ಲಿ ಕಾರ್ಖಾನೆಯಿಂದ ತಂದ ಎಳೆದರೆ ಬರುವ ಒಂದು ಹಿಡಿಕೆ. ಮುಂದಿನ ದಿನಗಳಲ್ಲಿ ಜಯದೇವಿ ಹೊತ್ತುಗೊತ್ತಿಲ್ಲದೆ, ಮಗಳು ಊಟಕ್ಕೆ ಕೂತಾಗ, ಕೂದಲು ಬಾಚುವಾಗ, ಬಾಗಿಲು ತೆಗೆದು ಒಳಗೆ ಕಾಲಿಡುವಾಗ, “ಬೆಂಕಿ!” ಎಂದು ಕೂಗತೊಡಗಿದಳು. ಮೊದಲ ಸಲ ಕೂಗಿದಾಗ ಅವಳ ಕಣ್ಣಲ್ಲಿ ನೀರು ಬಂತು. ರಕ್ಷಾ ಸಿಟ್ಟಿನಿಂದಲೇ ಓಡಿಹೋಗಿ ಹಿಡಿಕೆ ಎಳೆದಳು. ಬರಬರುತ್ತ ಸಿಟ್ಟು ಕಡಿಮೆಯಾಯಿತು, ಕೈ ಚುರುಕಾಯಿತು. ಎದುರು ಮನೆಯ ಮುನಿತಾಯಮ್ಮ ಒಮ್ಮೆ ನಿಜವೆಂದು ತಿಳಿದು ಕೊಡ ನೀರು ಹೊತ್ತು ಬಂದೇಬಿಟ್ಟಳು. “ಏನಮ್ಮಾ ಜಯಾ, ಉಗುರು ಕಚ್ಚಿದ್ರೂ ಕೆಟ್ಟದ್ದು ಅನ್ನೋಳು, ಬೀದಿಗೆಲ್ಲಾ ಬೆಂಕಿ ಹಚ್ತಿದ್ಯಲ್ಲೇ!” ಎಂದು ಬೈದು ಹೋದಳು.

ಜಯದೇವಿಯ ಭಯ ಹೋಯಿತೇ? ಹೋಗಲಿಲ್ಲ. ಮೊದಲು ಬಾಯಿ ಮುಚ್ಚಿಕೊಂಡು ಹೆದರುತ್ತಿದ್ದಳು, ಈಗ ಕೂಗಿಕೊಂಡು ಹೆದರುತ್ತಿದ್ದಳು. ಒಂದೊಂದು ಸಲ ಕೂಗಿದಾಗಲೂ ಆ ಮಾತು ಎಲ್ಲಿಗೋ ಹೋಗಿ ಕೂತಿತೆಂದೇ ಅನಿಸುತ್ತಿತ್ತು. ಆದರೂ ಕೂಗುತ್ತಿದ್ದಳು.

ಗೌತಮ್ ಮತ್ತೆ ಒಬ್ಬಳೇ ಹಾರಲು ಒಪ್ಪಿಗೆ ಕೊಟ್ಟ ದಿನ ಜಯದೇವಿ ಹೊಸಹಳ್ಳಿ ನಿಲ್ದಾಣದವರೆಗೂ ಮಗಳ ಜೊತೆ ಹೋದಳು. ಪ್ಲಾಟ್‌ಫಾರ್ಮಿನಲ್ಲಿ ಕೆಲಸಕ್ಕೆ ಹೊರಟವರ ಗುಂಪು. ರೈಲಿನ ದೀಪ ದೂರದಲ್ಲಿ ಕಂಡಿತು. ಜಯದೇವಿ ಮಗಳ ಮುಂಗೈ ಹಿಡಿದಳು.

“ಇಂಜಿನ್ನಿಗೆ ಬೆಂಕಿ ಬಿದ್ರೆ?”

ಸುತ್ತಲಿದ್ದವರು ತಿರುಗಿ ನೋಡಿದರು. ರಕ್ಷಾಳ ಬಲಗೈ ಮುಂದಕ್ಕೆ ಹೋಗಿ, ಗಾಳಿಯಲ್ಲಿ ಏನನ್ನೋ ಹಿಡಿದು ಹಿಂದಕ್ಕೆ ಎಳೆಯಿತು. “ಕೆಂಪು ಎಳೀತೀನಿ. ಇಂಜಿನ್ ಆರಿಸ್ತೀನಿ. ನಲ್ಲಿ, ಮೇನು, ಕಿಂಡಿ, ಬಯಲು.”

ರೈಲು ಬಂದು ನಿಂತು ಬಾಗಿಲು ತೆರೆಯಿತು. ಜಯದೇವಿ ಕೈ ಬಿಡಲಿಲ್ಲ.

“ಇನ್ನೊಂದ್ ಸಲ” ಎಂದಳು.